‘ಕ್ಲಚ್ ಪ್ಲೇಟ್ ಹೋಗಿದೆ’ ಎನ್ನುವ ಮೊದಲು

ಹಳೆಯ ಕಾರುಗಳ ವಿಷಯದಲ್ಲಿ ಗ್ಯಾರೇಜುಗಳು ಅತಿ ಬೇಗ ಕೊಡುವ ತೀರ್ಪು ‘ಕ್ಲಚ್ ಪ್ಲೇಟ್ ಹೋಗಿದೆ’ ಎಂಬುದು. ಗಾಡಿ ಎಳೆಯುತ್ತಿಲ್ಲ ಎಂದರೂ ಪ್ಲೇಟ್, ಗೇರ್ ಬೀಳುತ್ತಿಲ್ಲ ಎಂದರೂ ಪ್ಲೇಟ್, ಪೆಡಲ್ ಗಟ್ಟಿಯಾಗಿದೆ ಎಂದರೂ ಪ್ಲೇಟ್. ಎರಡು ಲಕ್ಷ ಕಿಲೋಮೀಟರ್ ದಾಟಿದ ಗಾಡಿಯಾದರೆ ಮರುಮಾತೇ ಇಲ್ಲ. ಎಂಜಿನ್ನಿನ ತಿರುಗುವಿಕೆಯನ್ನು ಉಜ್ಜಿ ಹಿಡಿದು ಗೇರ್ ಬಾಕ್ಸಿಗೆ ದಾಟಿಸುವ ಪ್ಲೇಟ್ ಸವೆಯುವ ವಸ್ತು, ನಿಜ. ಆದರೆ ಅದು ಸವೆದಿದೆಯೇ, ಸವೆದಿದ್ದರೆ ಈಗಲೇ ಏಕೆ ಸವೆಯಿತು ಎಂದು ಕೇಳದೆ ಗೇರ್ ಬಾಕ್ಸ್ ಇಳಿಸುವುದನ್ನು ನಾನು ಒಪ್ಪುವುದಿಲ್ಲ. ಗೇರ್ ಬಾಕ್ಸ್ ಇಳಿಸಿ ಏರಿಸುವುದೇ ಈ ಕೆಲಸದ ದೊಡ್ಡ ಭಾಗ. ಆ ಕೂಲಿಯನ್ನು ಒಂದೇ ಕಾಯಿಲೆಗೆ ಎರಡು ಸಲ ಕೊಡುವ ಸ್ಥಿತಿ ಯಾರಿಗೂ ಬರಬಾರದು. ನಮಗೆ ಬಂದಿತ್ತು, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು 1997ರ ಮಾರುತಿ ಝೆನ್. ಕಾರ್ಬುರೇಟರಿನ ಕಾಲದ್ದು, 993 ಸಿಸಿ ಎಂಜಿನ್, ಕೆಎ-14 ನೋಂದಣಿ. ಅಪ್ಪ ಕೊಂಡದ್ದು. ಝೆನ್ ತಯಾರಿಕೆ ನಿಂತದ್ದು 2006ರಲ್ಲಿ. ಅಷ್ಟು ಹಿಂದೆಯೇ ಮಾರುಕಟ್ಟೆ ಬಿಟ್ಟ ಕಾರನ್ನು ಇನ್ನೂ ಏಕೆ ಇಟ್ಟುಕೊಂಡಿದ್ದೀರಿ ಎಂದು ನೆಂಟರು ಕೇಳುತ್ತಾರೆ. ನಮ್ಮ ಮನೆಗೆ ಬರುವ ದಾರಿ ತೋಟದ ಅಂಚಿನಲ್ಲಿ ಸಾಗಿ ಕಾಲುಸಂಕದ ಬಳಿ ಹಠಾತ್ತಾಗಿ ತಿರುಗುತ್ತದೆ. ಆ ತಿರುವನ್ನು ಹಿಂದೆ ಮುಂದೆ ಮಾಡದೆ ಒಂದೇ ಸಲಕ್ಕೆ ದಾಟುವ ಕಾರು ನಮಗೆ ಇನ್ನೊಂದು ಸಿಕ್ಕಿಲ್ಲ. ಎಂಜಿನ್ ಇನ್ನೂ ಸಣ್ಣ ದನಿಯಲ್ಲೇ ಓಡುತ್ತದೆ. ಕ್ಲಚ್ ಕೇಬಲಿನದು, ಹೈಡ್ರಾಲಿಕ್ ಎಣ್ಣೆ, ಸಿಲಿಂಡರ್ ಯಾವುದೂ ಇಲ್ಲ. ಪೆಡಲ್ ಒತ್ತಿದರೆ ತಂತಿ ಎಳೆಯುತ್ತದೆ, ಲಿವರ್ ತಿರುಗುತ್ತದೆ, ಅಷ್ಟೇ. ತಾಳ್ಮೆಯಿಂದ ನೋಡುವವರಿಗೆ ಈ ಕ್ಲಚ್ ಏನನ್ನೂ ಮುಚ್ಚಿಡುವುದಿಲ್ಲ.

ಅಮ್ಮನನ್ನು ಮಣಿಪಾಲಕ್ಕೆ ತೋರಿಸಲು ಕರೆದುಕೊಂಡು ಹೋಗುವಾಗ ನಾವು ಆಗುಂಬೆ ಘಾಟಿಯಲ್ಲೇ ಇಳಿಯುತ್ತೇವೆ. ಇಳಿಯುವಾಗ ಏನೂ ಗೊತ್ತಾಗಲಿಲ್ಲ. ವಾಪಸು ಬರುವಾಗ ಸೋಮೇಶ್ವರ ದಾಟಿ ಏರು ಶುರುವಾದ ಮೇಲೆ, ಎರಡನೇ ಗೇರಿನಿಂದ ಮೂರಕ್ಕೆ ಹಾಕಿ ಆಕ್ಸಿಲರೇಟರ್ ಕೊಟ್ಟಾಗ ಎಂಜಿನ್ನಿನ ಸದ್ದು ಏರಿತು, ಗಾಡಿಯ ವೇಗ ಏರಲಿಲ್ಲ. ಮುಂದಿನ ತಿರುವಿನಲ್ಲಿ ಮತ್ತೆ ಹಾಗೆಯೇ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ. ಆಗುಂಬೆಯ ಆ ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ಗಾಡಿ ನಿಲ್ಲಿಸಿ ಯೋಚಿಸುವುದಕ್ಕೆ ಜಾಗವಿಲ್ಲ. ಎರಡನೇ ಗೇರಿನಲ್ಲೇ, ಆಕ್ಸಿಲರೇಟರನ್ನು ಎಷ್ಟು ಕೊಟ್ಟರೆ ಜಾರುವುದಿಲ್ಲವೋ ಅಷ್ಟೇ ಕೊಟ್ಟು ಮೇಲೆ ತಂದೆ. ಅದಕ್ಕೆ ಒಂದೂವರೆ ವರ್ಷದ ಹಿಂದಷ್ಟೇ ಶಿವಮೊಗ್ಗದ ಒಂದು ಗ್ಯಾರೇಜಿನಲ್ಲಿ ಹೊಸ ಪ್ಲೇಟ್ ಹಾಕಿಸಿದ್ದೆವು. ಫೋನ್ ಮಾಡಿದರೆ ಅಲ್ಲಿಂದ ಬಂದ ಉತ್ತರ: ‘ಘಾಟಿಯಲ್ಲಿ ಓಡಿಸುತ್ತೀರಿ, ಪ್ಲೇಟ್ ಹೋಗಿರುತ್ತದೆ, ತನ್ನಿ.’

ಕ್ಲಚ್ ಸ್ಲಿಪ್ ಆಗುವುದಕ್ಕೂ ಎಂಜಿನ್ನಿಗೆ ಶಕ್ತಿ ಸಾಲದಿರುವುದಕ್ಕೂ ವ್ಯತ್ಯಾಸ ಕಿವಿಗೇ ತಿಳಿಯುತ್ತದೆ. ಪೆಟ್ರೋಲ್ ಫಿಲ್ಟರ್ ಕಟ್ಟಿಕೊಂಡಿದ್ದರೆ, ಕಾರ್ಬುರೇಟರ್ ಕೊಳೆಯಾಗಿದ್ದರೆ, ಬ್ರೇಕ್ ಹಿಡಿದುಕೊಂಡಿದ್ದರೆ ಏರಿನಲ್ಲಿ ಗಾಡಿಯ ವೇಗದ ಜೊತೆಗೆ ಎಂಜಿನ್ನಿನ ದನಿಯೂ ಕುಗ್ಗುತ್ತದೆ. ಕ್ಲಚ್ ಜಾರುವಾಗ ಮಾತ್ರ ದನಿ ಮೇಲೇರುತ್ತದೆ, ಗಾಡಿ ಹಿಂದೆ ಉಳಿಯುತ್ತದೆ. ‘ಪಿಕಪ್ ಇಲ್ಲ’ ಎಂಬ ಒಂದೇ ಮಾತಿನಲ್ಲಿ ಎರಡನ್ನೂ ಸೇರಿಸಿ ಗ್ಯಾರೇಜಿಗೆ ಹೇಳಿದರೆ ಅವರಿಗೂ ದಾರಿ ತಪ್ಪುತ್ತದೆ. ಖಚಿತ ಮಾಡಿಕೊಳ್ಳಬೇಕೆಂದರೆ ಖಾಲಿಯಾದ ನೇರ ರಸ್ತೆಯಲ್ಲಿ ಟಾಪ್ ಗೇರಿಗೆ ಹಾಕಿ, 40-50ರ ವೇಗದಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿ. ಜಾರುವ ಚಟ ಮೊದಲು ಕಾಣಿಸುವುದು ಮೇಲಿನ ಗೇರುಗಳಲ್ಲೇ. ಕೆಳಗಿನ ಗೇರಿನಲ್ಲಿ ಗಾಡಿ ಸುಲಭವಾಗಿ ಮುಂದೆ ಸರಿಯುವುದರಿಂದ ಕ್ಲಚ್ಚಿನ ಮೇಲೆ ಆ ಒತ್ತಡ ಬೀಳುವುದಿಲ್ಲ. ಇನ್ನೊಂದು ಪರೀಕ್ಷೆ ಎಲ್ಲರಿಗೂ ಗೊತ್ತಿರುವುದೇ: ಸಮತಟ್ಟಾದ ಜಾಗದಲ್ಲಿ, ಎದುರಿಗೆ ಯಾರೂ ಇಲ್ಲದಿರುವಾಗ ಹ್ಯಾಂಡ್ ಬ್ರೇಕ್ ಗಟ್ಟಿಯಾಗಿ ಎಳೆದು, ಮೂರನೇ ಗೇರಿಗೆ ಹಾಕಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಕ್ಲಚ್ ನಿಧಾನವಾಗಿ ಬಿಡುವುದು. ಒಳ್ಳೆಯ ಕ್ಲಚ್ ಆದರೆ ಎಂಜಿನ್ ತಕ್ಷಣ ಆಫ್ ಆಗುತ್ತದೆ. ಓಡುತ್ತಲೇ ಇದ್ದರೆ ಜಾರುತ್ತಿದೆ ಎಂದರ್ಥ. ಒಂದು ಸಲ ಮಾಡಿದರೆ ಸಾಕು. ನಂಬಿಕೆ ಬರಲಿಲ್ಲವೆಂದು ಮತ್ತೆ ಮತ್ತೆ ಮಾಡಿದರೆ ಆ ಪರೀಕ್ಷೆಯೇ ಪ್ಲೇಟನ್ನು ಸುಡುತ್ತದೆ.

ಜಾರುತ್ತಿದೆ ಎಂದು ಗೊತ್ತಾದ ಮೇಲೂ ಗೇರ್ ಬಾಕ್ಸ್ ಮುಟ್ಟಬೇಕಾಗಿಲ್ಲ. ಮೊದಲು ನೋಡಬೇಕಾದದ್ದು ಫ್ರೀ ಪ್ಲೇ, ಅಂದರೆ ಪೆಡಲ್ ಒತ್ತಿದಾಗ ಕ್ಲಚ್ ಕೆಲಸ ಶುರುಮಾಡುವ ಮೊದಲು ಸಿಗುವ ಸಡಿಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಹಳೆಯ ಕೇಬಲ್ ಕ್ಲಚ್ಚಿನ ಅರ್ಧ ಕಷ್ಟ ಇಲ್ಲಿಯೇ ಇದೆ. ಎಂಜಿನ್ನಿನ ಜೊತೆ ತಿರುಗುವ ಭಾರದ ಚಕ್ರ ಫ್ಲೈವೀಲ್, ಅದಕ್ಕೆ ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವುದು ಪ್ರೆಷರ್ ಪ್ಲೇಟ್. ಈ ಪ್ರೆಷರ್ ಪ್ಲೇಟಿನೊಳಗೆ ಬಟ್ಟಲಿನಾಕಾರದ ಒಂದು ಸ್ಪ್ರಿಂಗ್ ಇರುತ್ತದೆ, ಅದರ ಒಳ ಅಂಚು ಬೆರಳುಗಳಾಗಿ ಸೀಳಿರುತ್ತದೆ. ನಾವು ಪೆಡಲ್ ಒತ್ತಿದಾಗ ರಿಲೀಸ್ ಬೇರಿಂಗ್ ಹೋಗಿ ಆ ಬೆರಳುಗಳನ್ನು ಒಳಕ್ಕೆ ತಳ್ಳುತ್ತದೆ, ಪ್ಲೇಟಿನ ಮೇಲಿನ ಹಿಡಿತ ಸಡಿಲುತ್ತದೆ. ಕ್ಲಚ್ ಪ್ಲೇಟ್ ತೆಳುವಾದಂತೆ ಪ್ರೆಷರ್ ಪ್ಲೇಟ್ ಫ್ಲೈವೀಲ್ ಕಡೆಗೆ ಸರಿಯುತ್ತದೆ. ಬೆರಳುಗಳು ಎದುರು ದಿಕ್ಕಿಗೆ, ಅಂದರೆ ಬೇರಿಂಗ್ ಕಡೆಗೆ, ಹೊರಳಿಕೊಳ್ಳುತ್ತವೆ. ಹೀಗಾಗಿ ಸವೆದಷ್ಟೂ ಸಡಿಲ ಕಡಿಮೆಯಾಗುತ್ತಾ ಬರುತ್ತದೆ. ಯಾರೂ ಕೇಬಲ್ ಹೊಂದಿಸದಿದ್ದರೆ ಒಂದು ದಿನ ಸಡಿಲವೇ ಇಲ್ಲದಂತಾಗಿ, ನಾವು ಕಾಲು ಇಡದಿದ್ದರೂ ಬೇರಿಂಗ್ ಬೆರಳುಗಳನ್ನು ಒತ್ತುತ್ತಲೇ ಇರುತ್ತದೆ. ಪ್ಲೇಟಿನಲ್ಲಿ ಇನ್ನೂ ಆಯುಸ್ಸಿದ್ದರೂ ಆಗ ಕ್ಲಚ್ ಜಾರುತ್ತದೆ, ಬೇರಿಂಗ್ ಕೂಡ ಬೇಗ ಹಾಳಾಗುತ್ತದೆ.

ಆದ್ದರಿಂದ ಬಾನೆಟ್ ತೆರೆದು ಗೇರ್ ಬಾಕ್ಸ್ ಮೇಲಿರುವ ಲಿವರಿನ ತುದಿಯನ್ನು ಬೆರಳಿನಿಂದ ಅಲ್ಲಾಡಿಸಿ ನೋಡಿ. ಈ ಕಾರುಗಳಲ್ಲಿ ಅಲ್ಲಿ 2ರಿಂದ 4 ಮಿ.ಮೀ. ಸಡಿಲ ಸಿಗಬೇಕು. ಪೆಡಲಿನಲ್ಲಿ ಅದು ಸುಮಾರು 20 ಮಿ.ಮೀ. ಆಗಿ ಕಾಣುತ್ತದೆ. ಕಡಿಮೆಯಿದ್ದರೆ ಕೇಬಲ್ ತುದಿಯ ನಟ್ ಸಡಿಲಿಸಿ, ಸಂಜೆ ಒಂದು ಸುತ್ತು ಹೋಗಿ ಬನ್ನಿ. ಎಷ್ಟೋ ಕಾರುಗಳ ಕಥೆ ಇಲ್ಲಿಗೇ ಮುಗಿಯುತ್ತದೆ. ಸಡಿಲ ಅತಿಯಾದರೆ ಇದಕ್ಕೆ ವಿರುದ್ಧ: ಪೆಡಲ್ ತಳ ಮುಟ್ಟಿದರೂ ಕ್ಲಚ್ ಪೂರ್ತಿ ಬಿಡುವುದಿಲ್ಲ, ರಿವರ್ಸ್ ಹಾಕುವಾಗ ಕರಕರ ಎನ್ನುತ್ತದೆ.

ಪಕ್ಕದ ಮನೆಯವರ ಮಾರುತಿ 800ಗೆ ಬಂದದ್ದು ಈ ಎರಡನೆಯ ತೊಂದರೆ. ಎಂಜಿನ್ ಆಫ್ ಇದ್ದಾಗ ಎಲ್ಲ ಗೇರುಗಳೂ ಮೆತ್ತಗೆ ಬೀಳುತ್ತಿದ್ದವು, ಸ್ಟಾರ್ಟ್ ಮಾಡಿದ ಮೇಲೆ ಒಂದೂ ಬೀಳುತ್ತಿರಲಿಲ್ಲ. ಅಂದರೆ ದೋಷ ಗೇರ್ ಬಾಕ್ಸಿನದಲ್ಲ, ಕ್ಲಚ್ ಬಿಡುತ್ತಿಲ್ಲ. ಅವರಿಗೂ ಯಾರೋ ಇಡೀ ಕಿಟ್ ಬದಲಿಸಲು ಹೇಳಿದ್ದರು. ಡ್ರೈವರ್ ಕಡೆಯ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ಹಾಕಿ ಟಾರ್ಚ್ ಬಿಟ್ಟು ನೋಡಿದರೆ, ಪೆಡಲಿನ ಕೊಂಡಿಯ ಹತ್ತಿರ ಕೇಬಲಿನ ಎಳೆಗಳು ಒಂದೊಂದಾಗಿ ಕಿತ್ತು ಹೊರಕ್ಕೆ ಚಾಚಿಕೊಂಡಿದ್ದವು. ಉಳಿದಿದ್ದ ಕೆಲವೇ ಎಳೆಗಳು ಹಿಗ್ಗಿ ಹಿಗ್ಗಿ ಪೆಡಲಿನ ನಡೆಯನ್ನು ತಿನ್ನುತ್ತಿದ್ದವು. ಹೊಸ ಕೇಬಲ್ ಹಾಕಿದ ಮೇಲೆ ಗಾಡಿ ಸರಿಹೋಯಿತು.

ಸದ್ದಿನ ವಿಷಯವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ನ್ಯೂಟ್ರಲಿನಲ್ಲಿ ಎಂಜಿನ್ ಓಡುತ್ತಿರುವಾಗ ಪೆಡಲ್ ಒತ್ತಿದರೆ ಸದ್ದು ಶುರುವಾಗುವುದಾದರೆ ರಿಲೀಸ್ ಬೇರಿಂಗ್. ಪೆಡಲ್ ಒತ್ತಿದಾಗ ಸದ್ದು ನಿಲ್ಲುವುದಾದರೆ ಗೇರ್ ಬಾಕ್ಸಿನ ಇನ್‌ಪುಟ್ ಶಾಫ್ಟಿನ ಬೇರಿಂಗ್ ಕಡೆಗೆ ಅನುಮಾನ. ಹೊರಡುವಾಗ ಗಾಡಿ ಗಡಗಡ ನಡುಗಿದರೆ ಎಂಜಿನ್ ಮೌಂಟಿಂಗಿನ ರಬ್ಬರುಗಳನ್ನು ಮೊದಲು ನೋಡಿ.

ನಮ್ಮ ಝೆನ್‌ಗೆ ಮರಳುತ್ತೇನೆ. ಫ್ರೀ ಪ್ಲೇ ಸರಿಯಾಗಿಯೇ ಇತ್ತು. ಕೇಬಲನ್ನು ಲಿವರಿನಿಂದ ಕಳಚಿ ಎಳೆದು ನೋಡಿದೆ, ಎಲ್ಲಿಯೂ ಸಿಕ್ಕಿಕೊಳ್ಳದೆ ಓಡಾಡಿತು. ಹಾಗಾದರೆ ದೋಷ ಒಳಗೇ ಇದೆ. ಎಂಜಿನ್ ಮತ್ತು ಗೇರ್ ಬಾಕ್ಸ್ ಕೂಡುವ ಬೆಲ್ ಹೌಸಿಂಗಿನ ತಳವನ್ನು ನೋಡಲು ಗೋಣಿ ಹಾಸಿಕೊಂಡು ಕೆಳಗೆ ಮಲಗಿದೆ. ಎರಡೂ ಕೂಡುವ ಕೆಳ ಅಂಚಿನಲ್ಲಿ ಒಂದು ಹನಿ ತೂಗಾಡುತ್ತಿತ್ತು. ಅದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತೆಗೆದುಕೊಂಡು ಉಜ್ಜಿದಾಗ ಎಣ್ಣೆಯ ಜೊತೆಗೆ ನುಣ್ಣನೆಯ ಕಪ್ಪು ಪುಡಿ ಸಿಕ್ಕಿತು. ಅದು ಪ್ಲೇಟ್ ಸವೆದ ಪುಡಿ. ಒಳಗಿನಿಂದ ಬರುತ್ತಿರುವ ಎಣ್ಣೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಗುರುತು ಬೇರೆ ಬೇಡ.

ಆದರೂ ಅಷ್ಟಕ್ಕೇ ನಿಲ್ಲಿಸಬಾರದು. ಈ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ಗುಗಳಿಗೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರ್ ಇರುವುದು ಹೆಡ್ಡಿನ ಕೊನೆಯಲ್ಲಿ, ಗೇರ್ ಬಾಕ್ಸ್ ಕಡೆಗೆ. ಅದರ ರಬ್ಬರ್ ಬಳೆ (ಓ-ರಿಂಗ್) ಒಣಗಿ ಗಟ್ಟಿಯಾದರೆ ಎಣ್ಣೆ ಮೇಲಿನಿಂದ ಇಳಿದು ಬೆಲ್ ಹೌಸಿಂಗಿನ ಹೊರಮೈಯನ್ನೆಲ್ಲ ನೆನೆಸುತ್ತದೆ; ಕೆಳಗಿನಿಂದ ನೋಡಿದವರಿಗೆ ಒಳಗೆ ಎಣ್ಣೆ ತಡೆಯುವ ಸೀಲೇ ಹೋದಂತೆ ಕಾಣುತ್ತದೆ. ಹಾಗಾಗಿ ಹೊರಮೈಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ತೀರ್ಥಹಳ್ಳಿ ಪೇಟೆಗೆ ಒಂದೆರಡು ಸಲ ಹೋಗಿ ಬಂದು ಮತ್ತೆ ನೋಡಿದೆ. ಮೇಲೆಲ್ಲ ಒಣಗಿತ್ತು, ಕೆಳಗೆ ಮಾತ್ರ ಹನಿ. ಇನ್ನು ಅದು ಎಂಜಿನ್ನಿನದೋ ಗೇರ್ ಬಾಕ್ಸಿನದೋ ಎಂಬ ಪ್ರಶ್ನೆ. ಗೇರ್ ಆಯಿಲಿಗೆ ಗಂಧಕದ ಘಾಟು ಇರುತ್ತದೆ, ಒಮ್ಮೆ ಮೂಸಿದವರು ಮರೆಯುವುದಿಲ್ಲ. ಇದಕ್ಕೆ ಆ ವಾಸನೆಯಿರಲಿಲ್ಲ. ತೆಳ್ಳಗಿನ ಕಪ್ಪು ಎಣ್ಣೆ, ಡಿಪ್‌ಸ್ಟಿಕ್ಕಿನಲ್ಲಿ ಇದ್ದದ್ದೇ. ಕ್ರ್ಯಾಂಕ್ ಶಾಫ್ಟಿನ ಹಿಂದಿನ ಆಯಿಲ್ ಸೀಲ್ ಎಂದು ಆಗಲೇ ಮನಸ್ಸು ಹೇಳಿತು.

ಇಷ್ಟು ತಿಳಿದುಕೊಂಡು ಗ್ಯಾರೇಜಿಗೆ ಹೋದರೆ ಮಾತುಕತೆಯೇ ಬೇರೆ ರೀತಿ ನಡೆಯುತ್ತದೆ. ಈ ಸಲ ಹೋದದ್ದು ಆಗುಂಬೆ ರಸ್ತೆಯ ಪಕ್ಕದಲ್ಲಿ ತಗಡಿನ ಮಾಡು ಹಾಕಿಕೊಂಡಿರುವ ಹಿರಿಯ ಮೇಸ್ತ್ರಿಯೊಬ್ಬರ ಹತ್ತಿರ. ನಾನು ಹೇಳಿದ್ದನ್ನೆಲ್ಲ ಕೇಳಿಕೊಂಡು ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಗೌಡರೇ, ಹಿಂದಿನ ಸಲ ಪ್ಲೇಟ್ ಹಾಕಿದವರು ಸೀಲ್ ಹಾಕಿದ್ದರೇ?’ ಬಿಲ್ಲು ತೆಗೆದು ತೋರಿಸಿದೆ. ಪ್ಲೇಟ್ ಇತ್ತು, ಕೂಲಿ ಇತ್ತು. ಸೀಲ್ ಇರಲಿಲ್ಲ, ಬೇರಿಂಗ್ ಇರಲಿಲ್ಲ, ಪ್ರೆಷರ್ ಪ್ಲೇಟ್ ಕೂಡ ಹಳೆಯದೇ.

ಝೆನ್ ಮುಂದಿನ ಚಕ್ರಗಳಿಂದ ಎಳೆಯುವ ಗಾಡಿ. ಗೇರ್ ಬಾಕ್ಸ್ ಇಳಿಸಬೇಕೆಂದರೆ ಗೇರ್ ಆಯಿಲ್ ಹೊರಬಿಟ್ಟು, ಬಾಲ್ ಜಾಯಿಂಟ್ ಕಳಚಿ, ಎರಡೂ ಡ್ರೈವ್ ಶಾಫ್ಟ್ ಎಳೆದು, ಸ್ಟಾರ್ಟರ್, ಸ್ಪೀಡೋಮೀಟರ್ ಕೇಬಲ್, ಗೇರ್ ರಾಡ್ ಎಲ್ಲವನ್ನೂ ಬಿಡಿಸಿ, ಎಂಜಿನ್ನಿಗೆ ಕೆಳಗಿನಿಂದ ಮರದ ತುಂಡು ಕೊಟ್ಟು ಜಾಕ್ ಇಡಬೇಕು. ಇಬ್ಬರು ಬೇಕಾಗುವ ಕೆಲಸ. ಮೇಸ್ತ್ರಿ ಬೆಲ್ ಹೌಸಿಂಗಿನೊಳಗಿನ ಪುಡಿಗೆ ಗಾಳಿ ಹೊಡೆಯಲು ಹುಡುಗನಿಗೆ ಬಿಡಲಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಸಿದರು. ಹಳೆಯ ಪ್ಲೇಟುಗಳಲ್ಲಿ ಕಲ್ನಾರು ಇರಬಹುದು, ಆ ಪುಡಿ ಶ್ವಾಸಕೋಶಕ್ಕೆ ಹೋದರೆ ಮರಳಿ ಬರುವುದಿಲ್ಲ. ಎಲ್ಲ ಗ್ಯಾರೇಜುಗಳಲ್ಲೂ ಇದನ್ನು ಪಾಲಿಸಬೇಕೆಂದು ನನ್ನ ಕಳಕಳಿಯ ಮನವಿ. ಅಲ್ಲಿ ಕೆಲಸ ಕಲಿಯುವವರು ಹದಿಹರೆಯದ ಹುಡುಗರು.

ಪ್ಲೇಟ್ ಹೊರಗೆ ಬಂತು. ದಪ್ಪ ಚೆನ್ನಾಗಿಯೇ ಉಳಿದಿತ್ತು, ರಿವೆಟ್ ತಲೆಗಳು ಇನ್ನೂ ಮೇಲ್ಮೈಯಿಂದ ಸಾಕಷ್ಟು ಆಳದಲ್ಲಿದ್ದವು. ಆದರೆ ಫ್ಲೈವೀಲ್ ಕಡೆಯ ಮುಖ ಪಳಗಿದ ದೋಸೆ ಕಾವಲಿಯಂತೆ ಹೊಳೆಯುತ್ತಿತ್ತು. ಸೀಲಿನಿಂದ ಒಸರಿದ ಎಣ್ಣೆ ಫ್ಲೈವೀಲಿನ ಮೇಲೆ ಹರಡಿ, ಬಿಸಿಗೆ ಸುಟ್ಟು, ಆ ಮುಖಕ್ಕೆ ಮೆತ್ತಿಕೊಂಡಿತ್ತು. ಗ್ಯಾರೇಜಿನಲ್ಲಿದ್ದ ಇನ್ನೊಬ್ಬರು ಪೆಟ್ರೋಲಿನಲ್ಲಿ ತೊಳೆದು, ಎಮರಿ ಕಾಗದದಲ್ಲಿ ಉಜ್ಜಿ ಹಾಕಿ, ಇನ್ನೂ ದಪ್ಪ ಇದೆಯಲ್ಲ ಎಂದರು. ಅದು ನಡೆಯುವುದಿಲ್ಲ. ಎಣ್ಣೆ ಮೇಲ್ಮೈಯಲ್ಲಿ ಮಾತ್ರ ಇರುವುದಿಲ್ಲ, ಒಳಕ್ಕೆ ಇಳಿದಿರುತ್ತದೆ. ಘಾಟಿಯಲ್ಲಿ ಬಿಸಿಯಾದಾಗ ಮತ್ತೆ ಹೊರಗೆ ಬರುತ್ತದೆ. ಎಣ್ಣೆ ಕುಡಿದ ಪ್ಲೇಟನ್ನು ಬಿಸಾಡಲೇಬೇಕು.

ಆ ಗಾಡಿಯ ಮೊದಲ ತಪ್ಪು ಪ್ಲೇಟಿನದಾಗಿರಲಿಲ್ಲ ಎಂಬುದು ಅಲ್ಲಿಗೆ ತೀರ್ಮಾನವಾಯಿತು. ಆದರೆ ಮೇಸ್ತ್ರಿ ಅಲ್ಲಿಯೂ ನಿಲ್ಲಲಿಲ್ಲ. ನನಗೆ ಅವರ ಮೇಲೆ ಗೌರವ ಮೂಡಿದ್ದು ಇಲ್ಲಿಯೇ. ‘ಸೀಲ್ ಏಕೆ ಹೋಯಿತು?’ ಎಂದು ತಮಗೆ ತಾವೇ ಕೇಳಿಕೊಳ್ಳುವಂತೆ ಹೇಳಿ, ಬಾನೆಟ್ ಕಡೆಗೆ ಬಂದು ಎಂಜಿನ್ ಬ್ರೀದರಿನ ಪೈಪ್ ಕಿತ್ತು ಬೆಳಕಿಗೆ ಹಿಡಿದರು. ಒಳಗೆ ಕಂದು ಬಣ್ಣದ ಅಂಟು ಕಟ್ಟಿಕೊಂಡು ಹೆಚ್ಚುಕಡಿಮೆ ಮುಚ್ಚಿಹೋಗಿತ್ತು. ಹಳೆಯ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗುಗಳು ಸ್ವಲ್ಪ ಸವೆದಿರುತ್ತವೆ, ಉರಿದ ಗಾಳಿ ಕೆಳಕ್ಕೆ ಜಾರಿ ಕ್ರ್ಯಾಂಕ್ ಕೇಸಿನಲ್ಲಿ ತುಂಬಿಕೊಳ್ಳುತ್ತದೆ. ಅದು ಹೊರಗೆ ಹೋಗಲು ಇರುವ ದಾರಿಯೇ ಬ್ರೀದರ್. ಆ ದಾರಿ ಮುಚ್ಚಿದರೆ ಒತ್ತಡ ಏರಿ, ಎಣ್ಣೆಯನ್ನು ಎಲ್ಲಿ ದುರ್ಬಲ ಜಾಗ ಸಿಗುತ್ತದೋ ಅಲ್ಲಿಂದ ತಳ್ಳುತ್ತದೆ. ಹೊಸ ಸೀಲ್ ಹಾಕಿ ಬ್ರೀದರ್ ಹಾಗೆಯೇ ಬಿಟ್ಟಿದ್ದರೆ ಅದೂ ಹೆಚ್ಚು ದಿನ ತಡೆಯುತ್ತಿರಲಿಲ್ಲ. ಪೈಪ್ ಬದಲಾಯಿತು, ಬ್ರೀದರಿನ ವಾಲ್ವ್ ಶುಚಿಯಾಯಿತು.

ಸೀಲ್ ಕೂರಿಸುವಾಗ ಇನ್ನೊಂದು ಸೂಕ್ಷ್ಮ. ಇಷ್ಟು ವರ್ಷ ಒಂದೇ ಕಡೆ ಉಜ್ಜಿದ್ದರಿಂದ ಕ್ರ್ಯಾಂಕ್ ಶಾಫ್ಟಿನ ಮೇಲೆ ಸೀಲಿನ ತುಟಿ ಒಂದು ಸಣ್ಣ ಗೆರೆ ಕೊರೆದಿತ್ತು. ಉಗುರು ಓಡಿಸಿದರೆ ತಡೆಯುತ್ತಿತ್ತು. ಹೊಸ ಸೀಲನ್ನೂ ಅದೇ ಆಳಕ್ಕೆ ಕೂರಿಸಿದರೆ ಅದರ ತುಟಿ ಅದೇ ಗೆರೆಯಲ್ಲಿ ಬಿದ್ದು ಸೋರುತ್ತದೆ. ಮೇಸ್ತ್ರಿ ಒಂದು ಮಿಲಿಮೀಟರಿನಷ್ಟು ಮಾತ್ರ ಆಳ ಬದಲಿಸಿ, ತುಟಿ ಗೆರೆಯ ಪಕ್ಕದ ನುಣುಪಾದ ಜಾಗದ ಮೇಲೆ ಬರುವಂತೆ ಸುತ್ತಲೂ ಸಮನಾಗಿ ಬಡಿದು ಕೂರಿಸಿದರು. ಸೀಲ್ ಕೆಲವು ನೂರು ರೂಪಾಯಿಯ ವಸ್ತು. ಆ ಕೈಚಳಕಕ್ಕೆ ಬಿಲ್ಲಿನಲ್ಲಿ ಪ್ರತ್ಯೇಕ ಸಾಲು ಇರುವುದಿಲ್ಲ.

ಫ್ಲೈವೀಲಿನ ಮೇಲೆ ಅಲ್ಲಲ್ಲಿ ನೀಲಿ ಕಲೆಗಳಿದ್ದವು, ಬಿಸಿ ಏರಿದ್ದರ ಗುರುತು. ಬಿರುಕು ಇರಲಿಲ್ಲ. ಅದನ್ನು ಲೇತಿಗೆ ಕಳಿಸಿ ಫೇಸಿಂಗ್ ಮಾಡಿಸಿದೆವು, ಅಂದರೆ ಮುಖವನ್ನು ತೆಳುವಾಗಿ ಕೆರೆದು ಸಮ ಮಾಡಿಸಿದೆವು. ಇಲ್ಲಿ ಒಂದು ಎಚ್ಚರಿಕೆ: ಕೆಲವು ಕಾರುಗಳ ಫ್ಲೈವೀಲಿನಲ್ಲಿ ಪ್ಲೇಟ್ ಉಜ್ಜುವ ಜಾಗ ತಗ್ಗಿನಲ್ಲಿದ್ದು, ಪ್ರೆಷರ್ ಪ್ಲೇಟ್ ಬೋಲ್ಟ್ ಆಗುವ ಅಂಚು ಎತ್ತರದಲ್ಲಿರುತ್ತದೆ. ಅಂಥದ್ದರಲ್ಲಿ ಒಳಗಿನ ಮುಖವನ್ನಷ್ಟೇ ಕೆರೆದರೆ ಹಿಡಿತವೇ ಕಡಿಮೆಯಾಗುತ್ತದೆ. ಅಂಚನ್ನೂ ಅಷ್ಟೇ ಇಳಿಸಬೇಕು. ಲೇತಿನವರಿಗೆ ಇದನ್ನು ಬಾಯಿಬಿಟ್ಟು ಹೇಳಿ.

ಬಿಡಿಭಾಗಗಳನ್ನು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಮ್ಮ ತಂದ. ಹಳೆಯ ಪ್ಲೇಟನ್ನೇ ಬಸ್ಸಿನಲ್ಲಿ ಅವನಿಗೆ ಕಳಿಸಿದ್ದೆ. ಕಾರಿನ ಹೆಸರು ಹೇಳಿ ತರುವುದಕ್ಕಿಂತ ಹಳೆಯದನ್ನು ಪಕ್ಕದಲ್ಲಿಟ್ಟು ವ್ಯಾಸ, ನಡುವಿನ ಹಲ್ಲುಗಳ ಸಂಖ್ಯೆ, ಹಬ್ಬಿನ ಎತ್ತರ ಹೋಲಿಸಿ ತರುವುದು ಮೇಲು. ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಬದಲಿಸಿದೆವು. ಹಳೆಯ ಪ್ರೆಷರ್ ಪ್ಲೇಟಿನ ಬೆರಳುಗಳ ತುದಿ ಬೇರಿಂಗ್ ತಗುಲಿ ತಗುಲಿ ತೆಳುವಾಗಿತ್ತು. ರಿಲೀಸ್ ಶಾಫ್ಟಿನ ಬುಷ್, ಡ್ರೈವ್ ಶಾಫ್ಟಿನ ಸೀಲುಗಳೂ ಹೊಸದಾದವು. ಗೇರ್ ಬಾಕ್ಸ್ ಕೆಳಗಿರುವಾಗ ಇವು ಕೈಗೆ ಸಿಗುತ್ತವೆ, ಮೇಲೇರಿದ ಮೇಲೆ ಸಿಗುವುದಿಲ್ಲ.

ಜೋಡಿಸುವಾಗ ಪ್ಲೇಟಿನ ಸ್ಪ್ರಿಂಗುಗಳಿರುವ ಉಬ್ಬಿದ ಮುಖ ಪ್ರೆಷರ್ ಪ್ಲೇಟ್ ಕಡೆಗೆ ಬರಬೇಕು. ಅದನ್ನು ನಡುವಿಗೆ ಹೊಂದಿಸಲು ಮೇಸ್ತ್ರಿ ಬಳಸಿದ್ದು ಯಾವುದೋ ಹಳೆಯ ಗೇರ್ ಬಾಕ್ಸಿನಿಂದ ತೆಗೆದಿಟ್ಟ ಇನ್‌ಪುಟ್ ಶಾಫ್ಟ್. ಅದನ್ನು ತೂರಿಸಿ ಹಿಡಿದು, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದರು. ಒಂದೇ ಕಡೆಯಿಂದ ಬಿಗಿಯುತ್ತಾ ಹೋದರೆ ಕವರ್ ಸೊಟ್ಟಗಾಗುತ್ತದೆ. ಶಾಫ್ಟಿನ ಹಲ್ಲುಗಳಿಗೆ ಗ್ರೀಸ್ ಬೆರಳಿಗೆ ಅಂಟಿದಷ್ಟೇ. ಹೆಚ್ಚಾದರೆ ಅದು ತಿರುಗುವ ರಭಸಕ್ಕೆ ಚಿಮ್ಮಿ ಹೊಸ ಪ್ಲೇಟಿನ ಮೇಲೆ ಬೀಳುತ್ತದೆ. ಹೊಸ ಗೇರ್ ಆಯಿಲ್ ತುಂಬಿಸುವುದನ್ನು ಮಾತ್ರ ಯಾರೂ ಮರೆಯದಂತೆ, ಸ್ಟಿಯರಿಂಗಿಗೆ ಒಂದು ಕಾಗದ ಕಟ್ಟಿದ್ದರು.

ಹೊಸ ಕ್ಲಚ್ಚಿಗೆ ಮೊದಲ ಕೆಲವು ನೂರು ಕಿಲೋಮೀಟರ್ ಘಾಟಿ ಬೇಡ, ಭಾರ ಬೇಡ. ಮುಖಗಳು ಒಂದಕ್ಕೊಂದು ಹೊಂದಿಕೊಂಡ ಮೇಲೆ ಫ್ರೀ ಪ್ಲೇ ಮತ್ತೊಮ್ಮೆ ಅಳೆಯಬೇಕು, ಅದು ಬದಲಾಗಿರುತ್ತದೆ. ನಮ್ಮದರಲ್ಲಿ ನಟ್ ಒಂದೂವರೆ ಸುತ್ತು ಸಡಿಲಿಸಬೇಕಾಯಿತು. ಆಮೇಲೆ ಅಮ್ಮನನ್ನು ಮಣಿಪಾಲಕ್ಕೆ ಕರೆದುಕೊಂಡು ಹೋಗಿ ಮರಳುವಾಗ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಕೊಟ್ಟಲ್ಲೆಲ್ಲ ಗಾಡಿ ಮುಂದಕ್ಕೆ ಹೋಯಿತು.

ಆಗುಂಬೆಯಂಥ ಘಾಟಿಯಲ್ಲಿ ಕ್ಲಚ್ಚನ್ನು ನಿಜವಾಗಿ ಕೊಲ್ಲುವುದು ಏರಲ್ಲ, ತಿರುವಿನಲ್ಲಿ ಮೇಲಿನಿಂದ ಬರುವ ಬಸ್ಸಿಗೆ ದಾರಿ ಬಿಡುವ ಆ ಅರ್ಧ ನಿಮಿಷ. ಎಷ್ಟೋ ಜನ ಆಗ ಹಾಫ್ ಕ್ಲಚ್ಚಿನಲ್ಲೇ ಗಾಡಿಯನ್ನು ಇಳಿಜಾರಿನಲ್ಲಿ ತಡೆದು ಹಿಡಿಯುತ್ತಾರೆ. ಹ್ಯಾಂಡ್ ಬ್ರೇಕ್ ಎಳೆಯಿರಿ, ನ್ಯೂಟ್ರಲ್ ಮಾಡಿ, ಪೆಡಲಿನಿಂದ ಕಾಲು ಪೂರ್ತಿ ತೆಗೆಯಿರಿ. ಬಸ್ಸು ಹೋದ ಮೇಲೆ ಒಂದನೇ ಗೇರಿಗೆ ಹಾಕಿ, ಕ್ಲಚ್ ಹಿಡಿದದ್ದು ಗೊತ್ತಾದಾಗ ಹ್ಯಾಂಡ್ ಬ್ರೇಕ್ ಬಿಡಿ. ಹಳೆಯ ಕಾರುಗಳಲ್ಲಿ ಜನ ಹೀಗೆ ಮಾಡದಿರಲು ಕಾರಣ, ಹೆಚ್ಚಿನವುಗಳ ಹ್ಯಾಂಡ್ ಬ್ರೇಕ್ ಹಿಡಿಯುವುದೇ ಇಲ್ಲ. ಕ್ಲಚ್ ಕೆಲಸಕ್ಕೆಂದು ಗಾಡಿ ಬಿಡುವ ದಿನವೇ ಹಿಂದಿನ ಡ್ರಮ್ ತೆಗೆಸಿ ಶೂ ನೋಡಿಸಿ, ಹ್ಯಾಂಡ್ ಬ್ರೇಕ್ ಕೇಬಲ್ ಬಿಗಿ ಮಾಡಿಸಿಕೊಂಡು ಬನ್ನಿ.